ನಾರಾದ ಜಿಂಕೆ ಮತ್ತು ಅತ್ತೆಯ ಸೆರಗು

ನನ್ನ ಗಂಡನಿಗೆ ಕೆಲಸ ಜಪಾನಿನ ಒಸಾಕಾದಲ್ಲಿ. ಒಟ್ಟಿಗೆ ನಾಲ್ಕು ದಿನ ರಜೆ ಸಿಗುವುದು ಆಗಸ್ಟ್ ನಡುವೆ ಹಿರಿಯರನ್ನು ನೆನೆಯುವ ಓಬೋನ್ ಹಬ್ಬಕ್ಕೆ. ಹಾಗಾಗಿ ಊರಿನಿಂದ ಬಂದ ಅತ್ತೆ ಮಾವನಿಗೆ ಹತ್ತಿರದ ನಾರಾ ಊರು ತೋರಿಸುವ ಪ್ಲಾನು ಸರಿಯಾಗಿ 37 ಡಿಗ್ರಿ ಬಿಸಿಲಿಗೇ ಬಿತ್ತು.

"ಬಿಸಿಲು ನಮಗೇನು ಹೊಸದಾ? ರಾಯಚೂರಲ್ಲಿ ಡ್ಯೂಟಿ ಮಾಡಿದೋನು ನಾನು" ಅಂದ ಮಾವ, ಕೊಟ್ಟ ಕೊಡೆಯನ್ನು ವಾಪಸ್ ಕೊಟ್ಟರು. ರಾಯಚೂರಿನದು ಒಣ ಬಿಸಿಲು. ನಾರಾದಲ್ಲಿ ಸುತ್ತ ಬೆಟ್ಟ, ನಡುವೆ ಊರು, ಗಾಳಿ ಅಲ್ಲಾಡುವುದಿಲ್ಲ, ನಿಂತಲ್ಲೇ ಅಂಗಿ ಬೆನ್ನಿಗೆ ಅಂಟುತ್ತದೆ. ಕಿಂಟೆತ್ಸು ನಾರಾ ಸ್ಟೇಷನ್ನಿಂದ ತೋಡೈಜಿ ದೇವಸ್ಥಾನಕ್ಕೆ ನಡೆದರೆ 20 ನಿಮಿಷ ಅಂತಾರೆ. ನಮ್ಮದು ಹಾಗಾಗಲಿಲ್ಲ. ದಾರಿಯಲ್ಲಿ ತಂಪು ಪಾನೀಯದ ಮಷೀನು ಕಂಡಲ್ಲೆಲ್ಲ ನಿಂತೆವು. ಮಾವ ನೀರು ಅಂತ ಒತ್ತಿದ ಬಾಟಲಿಯಲ್ಲಿ ನೋಡೋಕೆ ನೀರೇ, ಕುಡಿದರೆ ಪೀಚ್ ಹಣ್ಣಿನ ರುಚಿ. "ನೀರಿಗೂ ಎಸೆನ್ಸ್ ಹಾಕ್ತಾರಲ್ಲೋ!" ಅತ್ತೆಗೆ ಸಿಕ್ಕಿದ್ದು ಸಕ್ಕರೆಯಿಲ್ಲದ ಬಾರ್ಲಿ ಟೀ. ಕಷಾಯಕ್ಕೆ ಬೆಲ್ಲ ಹಾಕೋದು ಮರೆತಿದ್ದಾರೆ ಅಂತ ತೀರ್ಪು ಕೊಟ್ಟರು. ಅಷ್ಟರಲ್ಲಿ ಟೈ ಕಟ್ಟಿದ ಗಂಡಸರೂ ಕೊಡೆ ಹಿಡಿದು ಹೋಗುತ್ತಿದ್ದದ್ದನ್ನು ನೋಡಿ, ಮಾವ ಏನೂ ಮಾತಾಡದೆ ನನ್ನ ಮಗಳ ಹೂವಿನ ಕೊಡೆಯೊಳಗೆ ಸೇರಿಕೊಂಡರು.

ನಾರಾ ಪಾರ್ಕಿನಲ್ಲಿ ಸಾವಿರಕ್ಕೂ ಜಾಸ್ತಿ ಜಿಂಕೆಗಳು. ಕಸುಗಾ ದೇವಸ್ಥಾನದ ದೇವರ ದೂತರು ಅವು ಅಂತ ಇಲ್ಲಿಯವರ ನಂಬಿಕೆ. ಇದನ್ನು ಅತ್ತೆಗೆ ಹೇಳಬಾರದಿತ್ತು ನನ್ನ ಗಂಡ. ಅಕ್ಕಿ ತೌಡಿನ ಬಿಸ್ಕತ್ತು ಹಿಡಿದರೆ ಅವು ತಲೆ ಬಗ್ಗಿಸುತ್ತವೆ. ನೋಡಲು ನಮಸ್ಕಾರದ ಹಾಗಿದ್ದರೂ ಅದು ಶುದ್ಧ ವಸೂಲಿ, ತಡ ಮಾಡಿದರೆ ಕಚ್ಚುತ್ತವೆ. ಅತ್ತೆ ಬಿಸ್ಕತ್ತನ್ನು ಅಂಗೈಗಳ ನಡುವೆ ಇಟ್ಟುಕೊಂಡು, ಕಣ್ಣು ಮುಚ್ಚಿ, ತಾವೂ ಕೈ ಮುಗಿದುಬಿಟ್ಟರು. ಎದುರಿಗಿದ್ದ ಜಿಂಕೆ ಕಾದು ನಿಂತಿತ್ತು, ಬೆನ್ನ ಹಿಂದಿದ್ದದಕ್ಕೆ ಅಷ್ಟು ತಾಳ್ಮೆ ಇರಲಿಲ್ಲ. ಇಳಕಲ್ ಸೀರೆಯ ಕೆಂಪು ಸೆರಗು ಅದರ ಬಾಯಲ್ಲಿ! ಅತ್ತೆ ಈ ಕಡೆ ಎಳೀತಾರೆ, ಅದು ಆ ಕಡೆ ಎಳೆಯುತ್ತೆ, ಗಂಡ ವಿಡಿಯೊ ಮಾಡ್ತಾನೆ. ಪಕ್ಕದಲ್ಲೇ ಎಚ್ಚರಿಕೆ ಫಲಕ, ಅದರಲ್ಲಿ ಜಿಂಕೆ ಒಬ್ಬ ಅಜ್ಜಿಯನ್ನು ಕೆಡವುವ ಚಿತ್ರ. ಮಗಳು ಅದನ್ನು ತೋರಿಸಿ "ಅಜ್ಜಿ, ನೀವು!" ಅಂತ ಕುಣಿದಳು.

ಕೊನೆಗೆ ಅಲ್ಲಿಯ ಹೆಂಗಸೊಬ್ಬರು ಬಂದು, ಜಿಂಕೆಗೆ ಎರಡೂ ಖಾಲಿ ಅಂಗೈ ತೋರಿಸಿ, ಹಾಗೇ ಮಾಡಿ ಅಂತ ಸನ್ನೆ ಮಾಡಿದರು. ಅತ್ತೆ ಬಿಸ್ಕತ್ತೆಲ್ಲ ಬೀಳಿಸಿ ಕೈ ಚಾಚಿದರು. ದೇವದೂತರಿಗೆ ಅಲ್ಲಿಗೆ ನಮ್ಮ ಮೇಲಿನ ಆಸಕ್ತಿ ಮುಗಿಯಿತು.

ತೋಡೈಜಿಯ ಬುದ್ಧ 15 ಮೀಟರ್ ಎತ್ತರ, 752ರಲ್ಲಿ ಪ್ರತಿಷ್ಠೆಯಾದವನು. ಆದರೆ ನಮ್ಮವರು ಮೊದಲು ನೋಡಿದ್ದು ಆ ಮರದ ಹಾಲ್‌ನ ನೆರಳನ್ನು. ಪಾರ್ಕಿನಲ್ಲಿ ನಮಗೆ ಕಸದ ಬುಟ್ಟಿಯೂ ಕಾಣಲಿಲ್ಲ, ಜಿಂಕೆಗಳು ಪ್ಲಾಸ್ಟಿಕ್ ತಿಂದುಬಿಡುತ್ತವೆ ಅಂತ ಹಿಂದೆಯೇ ತೆಗೆಸಿದ್ದರಂತೆ. ನಮ್ಮ ಚಿಪ್ಸ್ ಪೊಟ್ಟಣ, ಬಾಳೆಹಣ್ಣಿನ ಸಿಪ್ಪೆ ಎಲ್ಲ ಮಾವನ ಕೈಚೀಲದಲ್ಲೇ ಬುದ್ಧನ ದರ್ಶನ ಮಾಡಿದವು.

ರಾತ್ರಿ ಅತ್ತೆ ತಂಗಿಗೆ ಫೋನ್ ಹಚ್ಚಿದರು. "ಎಷ್ಟು ಸಾಧು ಪ್ರಾಣಿಗಳು ಕಣೇ, ನನ್ನ ಬಿಟ್ಟು ಹೋಗೋಕೇ ಅವಕ್ಕೆ ಮನಸ್ಸಿರಲಿಲ್ಲ. ಸೆರಗು ಹಿಡಿದು ನಿಲ್ಲಿಸಿಕೊಂಡ್ವು!"