ಪಡ್ಡಿನ ಹಂಚಿನಲ್ಲಿ ದೋಸೆ

ಎರಡೂ ಕಾಲು ಬಿಗಿದುಕೊಂಡು ಹಿಮದ ಮೇಲೆ ಜಾರುವ ಹಲಗೆ, ಅಂದರೆ ಸ್ನೋಬೋರ್ಡ್, ಕೊಳ್ಳಲು ಹೊರಟವರ ಮನಸ್ಸಿನಲ್ಲಿ ಮೂರು ಆಸೆ ಇದ್ದೇ ಇರುತ್ತವೆ. ಯಂತ್ರ ಓಡಿಸಿ ಹದ ಮಾಡಿದ ಗಟ್ಟಿ ಇಳಿಜಾರಿನಲ್ಲಿ ಅಂಚಿನ ಮೇಲೆ ಒರಗಿ ಕಾರ್ವಿಂಗ್ ಮಾಡಬೇಕು. ಹಿಮದಲ್ಲಿ ನೆಟ್ಟ ಗೇಟುಗಳ ನಡುವೆ ನುಸುಳಿ ರೇಸ್ ಓಡಬೇಕು. ರಾತ್ರಿ ಎರಡಡಿ ಹಿಮ ಬಿದ್ದರೆ ಬೆಳಗ್ಗೆ ಆ ಪೌಡರಿನ ಮೇಲೆ ತೇಲಬೇಕು. ಹಲಗೆ ಮಾತ್ರ ಒಂದೇ ಸಾಕು! ದೋಸೆ, ಪಡ್ಡು, ಅಕ್ಕಿರೊಟ್ಟಿ ಮೂರನ್ನೂ ಒಂದೇ ಹಂಚಿನಲ್ಲಿ ಮಾಡುತ್ತೇನೆ ಎಂದರೆ ಬಿದ್ದು ಬಿದ್ದು ನಗುವವರೇ ಅಂಗಡಿಗೆ ಹೋಗಿ ಇದನ್ನು ಗಂಭೀರವಾಗಿ ಕೇಳುತ್ತಾರೆ. ಅಂಗಡಿಯವನು ಅವರಿಗಿಂತ ಗಂಭೀರವಾಗಿ ‘ಆಲ್ ಮೌಂಟನ್’ ಎಂಬ ಚೀಟಿ ಅಂಟಿಸಿದ ಹಲಗೆಯನ್ನು ಎತ್ತಿ ಕೊಡುತ್ತಾನೆ.

ಕೊಳ್ಳುವ ಮೊದಲು ಯಾವ ಬೆಟ್ಟ ಎಂದು ಕೇಳಿಕೊಳ್ಳಬೇಕು. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ನಮ್ಮವರು ಶನಿವಾರ ನಸುಕಿಗೇ ಎದ್ದು, ಡಬ್ಬಿಗೆ ಚಿತ್ರಾನ್ನ ತುಂಬಿಕೊಂಡು, ನಾಲ್ಕು ಗಂಟೆ ಕಾರು ಓಡಿಸಿ ಸಿಯೆರಾ ನೆವಾಡಾ ಬೆಟ್ಟಗಳ ನಡುವಿನ ಲೇಕ್ ಟಾಹೊ ಸೇರುತ್ತಾರೆ. ಪೌಡರ್ ಎಂದರೆ ಮಗುವಿಗೆ ಹಚ್ಚುವ ಪೌಡರಿನಂಥದ್ದು ಎಂದುಕೊಂಡು ಹೋದವರಿಗೆ ಅಲ್ಲಿ ಸಿಗುವುದು ಪೆಸಿಫಿಕ್ ಸಾಗರದ ತೇವ ಹೀರಿದ ಭಾರದ ಹಿಮ. ಅಲ್ಲಿನವರು ಅದಕ್ಕೆ ಇಟ್ಟ ಅಡ್ಡಹೆಸರೇ ಸಿಯೆರಾ ಸಿಮೆಂಟ್. ಜಪಾನಿನ ಹೊಕ್ಕೈಡೋದ ಒಣಹಿಮಕ್ಕೆಂದು ಮಾಡಿದ ಮೀನುಬಾಲದ ಹಲಗೆ ಚಿತ್ರದಲ್ಲಿ ಬಲು ಚಂದ. ಟಾಹೊದಲ್ಲಿ ಹಿಂದಿನ ದಿನ ಕರಗಿದ್ದು ರಾತ್ರಿ ಹೆಪ್ಪುಗಟ್ಟಿ, ಬೆಳಗ್ಗೆ ಕಲ್ಲಾಗಿರುವಾಗ ಆ ಹಲಗೆ ಹಿಡಿತವಿಲ್ಲದೆ ಸೋಪಿನ ಬಿಲ್ಲೆಯಂತೆ ಜಾರುತ್ತದೆ.

ಮೂರು ಆಸೆಗಳಲ್ಲಿ ಮೊದಲು ಬಿಡಬೇಕಾದದ್ದು ರೇಸ್. ಪೂರ್ತಿ ಅಲ್ಲ, ಮುಕ್ಕಾಲು ಪಾಲು. ಒಲಿಂಪಿಕ್ಸಿನಲ್ಲಿ ಇಬ್ಬರು ಅಕ್ಕಪಕ್ಕದಲ್ಲಿ ಗೇಟು ದಾಟುತ್ತಾ ಇಳಿಯುವ ಪ್ಯಾರಲಲ್ ಜೈಂಟ್ ಸ್ಲಾಲಮ್ ಓಡುವ ಗಂಡಸರ ಹಲಗೆ ಸುಮಾರು 185 ಸೆಂ.ಮೀ. ಉದ್ದ, ನಡುವಿನ ಅಗಲ ಮಾತ್ರ 20 ಸೆಂ.ಮೀ. ಆಸುಪಾಸು. ಕಾಲಿಗೆ ಪ್ಲಾಸ್ಟಿಕ್ಕಿನ ಗಡುಸು ಬೂಟು, ಪಾದಗಳೆರಡೂ ಮುಂದಕ್ಕೆ 50-60 ಡಿಗ್ರಿ ತಿರುಗಿರುತ್ತವೆ. ಹೊಸ ಹಿಮಕ್ಕೆ ತಂದರೆ ಇದು ಮಜ್ಜಿಗೆಗೆ ಕಡಗೋಲು ಇಳಿದ ಹಾಗೆ ನೇರ ಒಳಗೆ. ಚೆಕ್ ದೇಶದ ಎಸ್ತರ್ ಲೆಡೆಟ್ಸ್ಕಾ 2018ರ ಚಳಿಗಾಲದ ಒಲಿಂಪಿಕ್ಸಿನಲ್ಲಿ ಸ್ಕೀಯಲ್ಲೂ ಸ್ನೋಬೋರ್ಡಿನ ಈ ಓಟದಲ್ಲೂ ಚಿನ್ನ ಗೆದ್ದರು. ಅವರೂ ಎರಡಕ್ಕೂ ಒಂದೇ ಹಲಗೆ ಸಾಕೆಂದು ಹಟ ಹಿಡಿಯಲಿಲ್ಲ.

ಉಳಿದ ಕಾಲು ಪಾಲಿಗೆ ದಾರಿ ಇದೆ. 2006ರಲ್ಲಿ ಒಲಿಂಪಿಕ್ಸಿಗೆ ಸೇರಿದ ಸ್ನೋಬೋರ್ಡ್ ಕ್ರಾಸ್ ಎಂಬ ನೂಕುನುಗ್ಗಲಿನ ಓಟವನ್ನು ಮೆತ್ತನೆಯ ಬೂಟಿನಲ್ಲೇ ಓಡುತ್ತಾರೆ. ಆ ಮನೆತನದ ಹಲಗೆ, ಅಂದರೆ ಮೂತಿ ಬಾಲ ಬೇರೆಬೇರೆ ಇರುವ, ಸ್ವಲ್ಪ ಬಿಗಿಯಾದ ಡೈರೆಕ್ಷನಲ್ ಹಲಗೆ, ನಮ್ಮಂಥವರು ವಾರಾಂತ್ಯದಲ್ಲಿ ಗೇಟು ದಾಟಲು ಧಾರಾಳವಾಗಿ ಸಾಕು. ಸೋತರೆ ತಪ್ಪನ್ನು ಹಲಗೆಯ ಮೇಲೆ ಹಾಕಲೂ ಬರುತ್ತದೆ.

ಇನ್ನು ಬೆನ್ನಿನ ಬಾಗು. ಅಂಗಡಿಯ ನೆಲದ ಮೇಲೆ ಹಲಗೆ ಇಟ್ಟು ಬಗ್ಗಿ ನೋಡಿ. ನಡು ಬಿಲ್ಲಿನಂತೆ ಎದ್ದಿದ್ದರೆ ಅದು ಕ್ಯಾಂಬರ್; ಮೇಲೆ ನಿಂತಾಗ ಅಂಚು ಉದ್ದಕ್ಕೂ ಹಿಮಕ್ಕೆ ಒತ್ತುತ್ತದೆ, ಕಾರ್ವಿಂಗಿಗೆ ಪ್ರಾಣ ಅದೇ. ತೊಟ್ಟಿಲಿನಂತೆ ತುದಿಗಳು ಎದ್ದಿದ್ದರೆ ರಾಕರ್; ಪೌಡರಿನಲ್ಲಿ ತೇಲುತ್ತದೆ, ಗಟ್ಟಿ ನೆಲದಲ್ಲಿ ಸ್ಥಿರವಿಲ್ಲದೆ ಗರಗರ ತಿರುಗುತ್ತದೆ. ನಮಗೆ ಬೇಕಾದದ್ದು ಕಾಲಡಿಯಲ್ಲಿ ಕ್ಯಾಂಬರ್, ಮೂತಿಯಲ್ಲಿ ಮಾತ್ರ ರಾಕರ್. ಬಾಲ ಮೂತಿಗಿಂತ 5ರಿಂದ 10 ಮಿ.ಮೀ. ಕಿರಿದಾಗಿದ್ದರೆ ಇನ್ನೂ ಒಳ್ಳೆಯದು, ಹಿಂಬದಿ ತುಸು ಮುಳುಗಿ ಮೂತಿ ತಾನೇ ಏಳುತ್ತದೆ. ಆಸೆಬಿದ್ದು 20 ಮಿ.ಮೀ. ದಾಟಿದರೆ ತಿರುವಿನ ಕೊನೆಯಲ್ಲಿ ಬಾಲ ಕೈಕೊಡುತ್ತದೆ.

ಸೈಡ್‌ಕಟ್, ಅಂದರೆ ಅಂಚಿನ ಒಳಬಾಗು, 8-9 ಮೀಟರ್ ತ್ರಿಜ್ಯದ್ದು ಇರಲಿ. ಹಲಗೆಯನ್ನು 60 ಡಿಗ್ರಿ ಓರೆ ಮಾಡಿದರೆ ಲೆಕ್ಕದ ಪ್ರಕಾರ ತಿರುವು ಅದರ ಅರ್ಧಕ್ಕೆ ಇಳಿಯುತ್ತದೆ. ಸರಿಯಾದ ಕಾರ್ವಿಂಗ್ ಹಿಂದೆ ಬಿಡುವುದು ಪೆನ್ಸಿಲ್ಲಿನ ಒಂದೇ ಗೆರೆ. ಸೌಟಿನಲ್ಲಿ ದೋಸೆಹಿಟ್ಟು ಸವರಿದಂಥ ಗುರುತು ಕಂಡರೆ ಅದು ಜಾರಿದ್ದು, ಕೊರೆದದ್ದಲ್ಲ.

ಎಲ್ಲರೂ ಎಡವುವುದು ಅಗಲದಲ್ಲಿ. ಪಾದ 27.5 ಸೆಂ.ಮೀ. ಇದ್ದರೆ ಬೂಟಿನ ಹೊರಮೈ 30 ದಾಟುತ್ತದೆ. ಹಲಗೆಯ ನಡು 25 ಸೆಂ.ಮೀ. ಎಂದರೆ ಬೂಟನ್ನು ಹಲಗೆಗೆ ಬಿಗಿಯುವ ಬೈಂಡಿಂಗ್ ಕೂರುವ ಜಾಗದಲ್ಲಿ ಸುಮಾರು 26. ಉಳಿದ ಬೂಟು ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡುವವರಂತೆ ಹೊರಗೆ. ಎರಡೂ ಕಡೆ ಒಂದೂವರೆ ಸೆಂ.ಮೀ. ಚಾಚಿದರೆ ತೊಂದರೆಯಿಲ್ಲ, ಅಂಚಿಗೆ ಭಾರ ಹಾಕಲು ಅದು ಬೇಕು ಕೂಡ. ಅದಕ್ಕಿಂತ ಹೆಚ್ಚಾದರೆ, ಚೆನ್ನಾಗಿ ಒರಗಿ ಬೀಗುತ್ತಿರುವ ಹೊತ್ತಿಗೇ ಬೂಟಿನ ಬೆರಳತುದಿ ಹಿಮಕ್ಕೆ ತಾಗಿ, ಅಂಚನ್ನು ಮೀಟಿ ಎತ್ತಿ, ಸವಾರನನ್ನು ಹೊಟ್ಟೆಯ ಮೇಲೆ ಮಲಗಿಸಿ ಕೆಳಗಿನವರೆಗೂ ಉಚಿತವಾಗಿ ಕಳಿಸುತ್ತದೆ. ತಪ್ಪಿನ ಹೊಣೆ ಆಗ ಹಿಮದ ಮೇಲೆ, ಇಲ್ಲವೇ ಅಡ್ಡ ಬಂದ ಯಾರದೋ ಮಗುವಿನ ಮೇಲೆ. ಇಷ್ಟು ಪಾದಕ್ಕೆ 25.5ರಿಂದ 26 ಸೆಂ.ಮೀ. ನಡು ಸರಿ, 29 ದಾಟಿದ ಪಾದದವರು ವೈಡ್ ಎಂದು ಬರೆದದ್ದನ್ನೇ ನೋಡಲಿ. ಅಗಲ ಪೌಡರಿಗೂ ಒಳ್ಳೆಯದು. ಅತಿಯಾದರೆ ಅಂಚು ಬದಲಿಸುವುದು ಎತ್ತಿನಗಾಡಿ ತಿರುಗಿಸಿದ ಹಾಗೆ.

ಉದ್ದಕ್ಕೆ ಗದ್ದದವರೆಗೋ ಮೂಗಿನವರೆಗೋ ಹಿಡಿದು ನೋಡುವ ಪದ್ಧತಿಯೊಂದಿದೆ. ಹಲಗೆಗೆ ಕಣ್ಣಿಲ್ಲ, ಅದಕ್ಕೆ ನಿಮ್ಮ ಎತ್ತರ ಗೊತ್ತಾಗದು, ಭಾರವಷ್ಟೇ ಗೊತ್ತು. ತಯಾರಕರ ಪಟ್ಟಿಯಲ್ಲಿ ಪ್ರತಿ ಉದ್ದಕ್ಕೂ ಕಿಲೋ ಲೆಕ್ಕ ಇರುತ್ತದೆ. 75 ಕಿಲೋ ಗಂಡಸಿಗೆ 158-160 ಸೆಂ.ಮೀ. ಹೊಂದುತ್ತದೆ. ಇಲ್ಲಿ ಹೇಳಬೇಕಾದದ್ದು ಇಂದಿನ ತೂಕ, ಮದುವೆಯ ಕಾಲದ್ದಲ್ಲ. ಈ ಲೆಕ್ಕ ಮನೆಯಲ್ಲಿ ನಡೆಯುವುದು ಸಾಮಾನ್ಯವಾಗಿ ಹೀಗೆ:

“ರೀ, ಗ್ಯಾರೇಜಲ್ಲಿ ಒಂದು ಇದೆಯಲ್ಲ, ಅದಕ್ಕೇನಾಯ್ತು?”

“ಅದು ನನ್ನ ಭಾರಕ್ಕೆ ಸಾಲಲ್ಲ ಕಣೇ.”

“ಹಾಗಾದ್ರೆ ಹಲಗೆ ಬದಲಾಯಿಸಬೇಕಾಗಿಲ್ಲ ಬಿಡಿ.”

ಬಿಗಿತಕ್ಕೆ 1ರಿಂದ 10ರವರೆಗೆ ಅಂಕ ಕೊಡುತ್ತಾರೆ. ಇದು ಹೋಟೆಲಿನ ಖಾರದ ಹಾಗೆ, ಒಬ್ಬರ 6 ಇನ್ನೊಬ್ಬರ 8. ಮೂರು ಕೆಲಸದವರು 6-7ರ ಸುತ್ತ ಹುಡುಕಿ, ಕೊಳ್ಳುವ ಮೊದಲು ಒಂದು ದಿನ ಬಾಡಿಗೆಗೆ ತೆಗೆದುಕೊಂಡು ನೋಡಲಿ.

ಹಲಗೆ ಮನೆಗೆ ಬಂದ ಮೇಲೆ ಬೈಂಡಿಂಗಿನ ಸರದಿ. ನಡುವಿನ ಡಿಸ್ಕಿನಲ್ಲಿ ಸಾಮಾನ್ಯವಾಗಿ 3 ಡಿಗ್ರಿಗೊಂದು ಗೆರೆ. ಕಾರ್ವಿಂಗಿಗೆ ಮುಂಗಾಲು 27, ಹಿಂಗಾಲು 12, ಎರಡೂ ಮುಂದಕ್ಕೆ. ಬಾತುಕೋಳಿಯಂತೆ ಹಿಂಗಾಲನ್ನು ಹಿಂದಕ್ಕೆ ತಿರುಗಿಸಿದರೆ ಮೊಣಕಾಲು ಒಂದು ಕಡೆ, ಮೈ ಒಂದು ಕಡೆ. ಹಿಮ ಬಿದ್ದ ದಿನ ಎರಡೂ ಬೈಂಡಿಂಗನ್ನು ಹಲಗೆಯ ಸ್ಕ್ರೂ ತೂತುಗಳ ಒಂದು ಸಾಲು, ಅಂದರೆ 2 ಸೆಂ.ಮೀ., ಹಿಂದಕ್ಕೆ ಸರಿಸಬೇಕು. ಈ ಐದು ನಿಮಿಷದ ಕೆಲಸ ಬಿಟ್ಟವರು ದಿನವಿಡೀ ಹಿಂಗಾಲಿನ ಮೇಲೆ ಕೂತು ತೊಡೆ ಉರಿಸಿಕೊಳ್ಳುತ್ತಾರೆ, ಇಲ್ಲವೇ ಮೂತಿ ಹೂತು ಮುಗ್ಗರಿಸುತ್ತಾರೆ. ಬಿದ್ದಲ್ಲಿಂದ ಏಳಲು ಕೈ ಊರಿದರೆ ಕೈ ಭುಜದವರೆಗೆ ಒಳಗೆ. ಗಾಬರಿಯಲ್ಲಿ ಹಲಗೆ ಬಿಚ್ಚಿದರೆ ಸೊಂಟದವರೆಗೆ ಒಳಗೆ. ಎರಡೂ ತೋಳು ಅಡ್ಡ ಸೇರಿಸಿ ಹಿಮವನ್ನು ಅದುಮಿ, ಗಟ್ಟಿಯಾದ ಮೇಲೆ ಒತ್ತಿ ಏಳಬೇಕು.

ಹಲಗೆಯ ತಳಕ್ಕೆ ಹಚ್ಚುವ ಮೇಣದ ಮಾತು ಚುಟುಕಾಗಿ. ಪ್ಲಾಸ್ಟಿಕ್ ಪುಡಿಯನ್ನು ಕಾಯಿಸಿ ಒತ್ತಿ ಮಾಡಿದ ಸಿಂಟರ್ಡ್ ತಳ ಹೆಚ್ಚು ಮೇಣ ಹೀರುತ್ತದೆ, ವೇಗವೂ ಹೆಚ್ಚು; ಅಂಚಿನ ಬಳಿ ಬೆಳ್ಳಗೆ ಒಣಗಿದರೆ ಮತ್ತೆ ಹಚ್ಚಬೇಕು. ಹಚ್ಚದವರನ್ನು ಸಮತಟ್ಟಾದ ದಾರಿಗಳಲ್ಲಿ ಕಾಣಬಹುದು: ಒಂದು ಕಾಲು ಬಿಚ್ಚಿಕೊಂಡು, ಕಾಲೆಳೆಯುತ್ತಾ, ಪಕ್ಕದಲ್ಲಿ ಜುಯ್ಯೆಂದು ಹೋಗುವ ಐದು ವರ್ಷದ ಮಕ್ಕಳಿಗೆ ದಾರಿ ಬಿಡುತ್ತಾ.

ಹೊಸದಾಗಿ ಬಿಗಿದ ಡಿಸ್ಕಿನ ಸ್ಕ್ರೂಗಳನ್ನು ಎರಡು ಬಾರಿ ಬೆಟ್ಟ ಇಳಿದ ನಂತರ ಮತ್ತೊಮ್ಮೆ ಬಿಗಿಯಬೇಕು, ಅದುರಿ ಸಡಿಲವಾಗುತ್ತವೆ. ಅದಕ್ಕೆ ಬೇಕಾದದ್ದು 3ನೇ ನಂಬರಿನ ದಪ್ಪ ಮೂತಿಯ ಸ್ಕ್ರೂಡ್ರೈವರ್. ಹಿಂಗಾಲಿನ ಕೆಳಗೆ ಡಿಸ್ಕ್ ಕಟಕಟ ಎನ್ನುವಾಗ ಸವಾರ ಲಿಫ್ಟಿನ ತುದಿಯಲ್ಲಿರುತ್ತಾನೆ. ಸ್ಕ್ರೂಡ್ರೈವರ್ ಕಾರಿನ ಡಿಕ್ಕಿಯಲ್ಲಿ, ಚಿತ್ರಾನ್ನದ ಡಬ್ಬಿಯ ಪಕ್ಕದಲ್ಲಿರುತ್ತದೆ.