ಅಟ್ಟದ ಮೇಲಿನ ಕರಿ ಮಷೀನು

"ಅಟ್ಟದ್ ಮೇಲಿರೋ ಹೊಲಿಗೆ ಮಷೀನ್ ಕೇಳ್ಕೊಂಡು ಗುಜರಿಯೋನು ಬಂದವ್ನೆ, ತೂಕಕ್ಕೆ ಹಾಕ್ಬಿಡ್ಲಾ?" ಹಾಸನದಿಂದ ಬಂದ ವಾಟ್ಸಾಪ್ ಮೆಸೇಜು. ಜೊತೆಗೆ ಒಂದು ಫೋಟೊ: ಚಿನ್ನದ ಬಣ್ಣದ ಬಳ್ಳಿ ಮುಕ್ಕಾಲು ಅಳಿಸಿಹೋದ ಕರಿ ಮಷೀನು, ಅದರ ಬೆನ್ನ ಮೇಲೆ ಈರುಳ್ಳಿ ಬುಟ್ಟಿ. ಇಲ್ಲಿ ಒಹಾಯೊದಲ್ಲಿ ಇದೇ ಜಾತಿಯ ಮಷೀನನ್ನು ಜನ ಊರೂರು ಹುಡುಕಿ ತಂದು, ಒರೆಸಿ, ಎಣ್ಣೆ ಬಿಟ್ಟು, ಬಟ್ಟೆಯನ್ನು ಮೇಲಿನಿಂದಲೂ ಹಿಡಿದು ಸಾಗಿಸುವ ವಾಕಿಂಗ್ ಫುಟ್ ಎಂಬ ಬಿಡಿಭಾಗ ಸಿಕ್ಕಿಸಿ ಕ್ವಿಲ್ಟ್, ಅಂದರೆ ನಡುವೆ ಹತ್ತಿಯ ಪದರವಿಟ್ಟ ಹೊದಿಕೆ, ಹೊಲಿಯುತ್ತಾರೆ. ಹೊಟ್ಟೆ ಉರಿಯಿತು, ಸುಳ್ಳೇಕೆ.

ಹಾಸನದ ಯಾವುದೇ ಟೈಲರ್ ಅಂಗಡಿಯಲ್ಲಿ ವಾಕಿಂಗ್ ಫುಟ್ ಅನ್ನಿ, "ಅದೆಲ್ಲ ಫ್ಯಾಕ್ಟರಿ ಮಷೀನಿಗೆ ಸ್ವಾಮಿ" ಎಂಬ ಉತ್ತರ ಬರುತ್ತದೆ. ಅರ್ಧ ನಿಜ. ಸೋಫಾ, ಬ್ಯಾಗು ಹೊಲಿಯುವ ಮಷೀನುಗಳಲ್ಲಿ ಅದು ಒಳಗೇ ಕೂತಿರುತ್ತದೆ. ಆದರೆ ಮನೆ ಮಷೀನಿಗೆ ಬೇಕಾದಾಗ ಹಾಕಿ, ಬೇಡವಾದಾಗ ಬಿಚ್ಚಿಡುವ ಬಿಡಿಭಾಗವೂ ಇದೆ. ನಮ್ಮಲ್ಲಿ ಅದನ್ನು ಕೇಳುವವರಿಲ್ಲ, ಯಾಕೆಂದರೆ ಆ ಕೆಲಸವನ್ನು ನಮ್ಮ ಟೈಲರ್ ಕೈಯಲ್ಲೇ ಮಾಡಿಬಿಡುತ್ತಾನೆ. ಒಂದು ಕೈ ಫುಟ್ಟಿನ ಹಿಂದೆ, ಇನ್ನೊಂದು ಮುಂದೆ. ಮೇಲಿನ ಬಟ್ಟೆ ಎಷ್ಟು ಬಿಡಬೇಕು, ಕೆಳಗಿನದನ್ನು ಎಷ್ಟು ತಡೆಯಬೇಕು ಎಂಬುದು ಬೆರಳಿಗೆ ಗೊತ್ತು. ಚೆಂದವೇ. ನನಗೆ ಸಿಟ್ಟು ಬರುವುದು ಆ ವಿದ್ಯೆ ಆ ಹತ್ತು ಬೆರಳು ದಾಟುವುದಿಲ್ಲ ಎನ್ನುವುದಕ್ಕೆ. ಕಲಿಯುವ ಹುಡುಗಿಗೆ "ಕೈ ಒಗ್ಗಬೇಕಮ್ಮ" ಅನ್ನುವುದೇ ಪಾಠ. ಇಲ್ಲಿ ಒಗ್ಗದ ಕೈಗೂ ಒಂದು ಸಾಮಾನು ಕೊಟ್ಟು ಕೂರಿಸುತ್ತಾರೆ.

ಸಾದಾ ಮಷೀನಿನಲ್ಲಿ ಬಟ್ಟೆ ಸರಿಸುವುದು ಪ್ಲೇಟಿನ ಕೆಳಗಿನ ಹಲ್ಲು ಮಾತ್ರ. ಫುಟ್ ಸುಮ್ಮನೆ ಒತ್ತಿ ಹಿಡಿದಿರುತ್ತದೆ. ಬ್ಲೌಸಿಗೆ ಅಷ್ಟು ಸಾಕು. ಮೇಲ್ಬಟ್ಟೆ, ನಡುವೆ ಹತ್ತಿಯ ಪದರ, ಅಡಿಬಟ್ಟೆ ಎಂದು ಮೂರಾದರೆ ಕೆಳಗಿನದು ಹೊರಡುತ್ತದೆ, ಮೇಲಿನದು ಫುಟ್ಟಿನ ಮುಂದೆ ಅಲೆಯಂತೆ ಎದ್ದು ನಿಲ್ಲುತ್ತದೆ. ಒಂದು ಮೀಟರ್ ಸಾಲಿನ ಕೊನೆಗೆ ಬೆರಳಗಲ ಬಟ್ಟೆ ಮಿಕ್ಕು ಮಡಿಕೆಯಾಗಿ ಕೂರುತ್ತದೆ. ವಾಕಿಂಗ್ ಫುಟ್ಟಿಗೆ ತನ್ನದೇ ಹಲ್ಲುಗಳಿವೆ, ಪಕ್ಕಕ್ಕೆ ಕವೆಯಂಥ ಒಂದು ಕೈ ಇದೆ. ಸೂಜಿ ಮೇಲೇಳುವಾಗ ಕವೆಯೂ ಏಳುತ್ತದೆ, ಮೇಲಿನ ಹಲ್ಲು ಇಳಿದು ಬಟ್ಟೆ ಕಚ್ಚುತ್ತದೆ, ಕೆಳಗಿನ ಹಲ್ಲಿನ ಜೊತೆ ಹಿಂದಕ್ಕೆ ಸಾಗುತ್ತದೆ. ಸೂಜಿ ಇಳಿದಾಗ ಬಟ್ಟೆ ಬಿಟ್ಟು ಮತ್ತೆ ಮುಂದೆ ಬರುತ್ತದೆ. ಗಮನಿಸಿ, ಅದಕ್ಕೆ ಸ್ವಂತ ಓಟವಿಲ್ಲ. ಕೆಳಗಿನ ಹಲ್ಲು ಎಷ್ಟು ಎಳೆಯುತ್ತದೋ ಅಷ್ಟೇ.

ಕೊಳ್ಳುವ ಮುಂಚೆ ಅಳತೆ ನೋಡಿ. ಫುಟ್ ಇಳಿಸಿ, ಪ್ಲೇಟಿನಿಂದ ಫುಟ್ ಬಿಗಿಯುವ ಸ್ಕ್ರೂವಿನ ಮಧ್ಯಕ್ಕೆ ಸುಮಾರು ಮುಕ್ಕಾಲು ಇಂಚಿದ್ದರೆ ಲೋ ಶ್ಯಾಂಕ್, ಅಂದರೆ ಫುಟ್ ಸಿಕ್ಕಿಸುವ ಕಂಬ ಗಿಡ್ಡದ್ದು. ನಮ್ಮ ಮನೆಗಳ ಕರಿ ಮಷೀನು ಬಹುಪಾಲು ಇದೇ. ಸಿಂಗರ್ ಕಂಪನಿಯ 15, 66, 99, 201, ಪುಟ್ಟ 221 ನಮೂನೆಗಳೆಲ್ಲವೂ ಇದೇ. ಒಂದು ಇಂಚು ದಾಟಿದರೆ ಹೈ ಶ್ಯಾಂಕ್. ಸಿಂಗರ್ 301, 401ರಲ್ಲಿ ಸೂಜಿಯೇ ಓರೆ, ಅವಕ್ಕೆ ಬೇರೆಯದೇ ಫುಟ್ ಬೇಕು.

ಹಾಕುವಾಗ ಸೂಜಿ ಪೂರ್ತಿ ಮೇಲಿರಲಿ. ಕವೆ ಸೂಜಿ ಬಿಗಿಯುವ ಸ್ಕ್ರೂವಿನ ಮೇಲೆ ಕೂರಬೇಕು. ಕೆಳಗೆ ಸಿಕ್ಕಿಸಿದರೆ ಮೊದಲ ಹೊಲಿಗೆಗೇ ಸ್ಕ್ರೂ ಬಂದು ಅದನ್ನು ಕುಟ್ಟುತ್ತದೆ, ಕವೆ ಬಾಗುತ್ತದೆ. ಎಲ್ಲರೂ ಮಾಡುವ ತಪ್ಪು ಇದು. ಹಳೆ ಮಷೀನಿನಲ್ಲಿ ಆ ಸ್ಕ್ರೂ ಗಿಡ್ಡವಾಗಿದ್ದರೆ ಕವೆ ಜಾರಿ, ಫುಟ್ ನಡೆಯದೆ ನಿಂತಲ್ಲೇ ನಿಲ್ಲುತ್ತದೆ, ಉದ್ದದ್ದು ಹಾಕಿಸಿ. ಫುಟ್ಟಿನ ಸ್ಕ್ರೂವನ್ನು ಬೆರಳಲ್ಲಿ ತಿರುವಿ ಬಿಡಬೇಡಿ, ಸ್ಕ್ರೂಡ್ರೈವರ್ ಹಾಕಿ ಬಿಗಿಯಿರಿ. ಈ ಫುಟ್ ಭಾರ, ಅದರ ಅಲುಗಾಟಕ್ಕೆ ಸ್ಕ್ರೂ ಸಡಿಲವಾಗಿ ಸೂಜಿ ಲೋಹಕ್ಕೆ ಬಡಿದು ಮುರಿಯುತ್ತದೆ. ಆಮೇಲೆ ಚಕ್ರವನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ನೋಡಿ.

ಅಮೆರಿಕದವರು ಬಾಯಿಬಿಟ್ಟು ಹೇಳದ ಒಂದು ಸಂಗತಿಯಿದೆ. ಅಂಗಡಿಯಲ್ಲಿ ಸಿಗುವ ಅಗ್ಗದ ವಾಕಿಂಗ್ ಫುಟ್ ಜಿಗ್‌ಜಾಗ್ ಮಷೀನಿನ ಅಳತೆಯದು, ಅದರ ಹಲ್ಲುಗಳ ನಡುವೆ ಅಂತರ ಹೆಚ್ಚು. ನೇರ ಹೊಲಿಗೆಯ ಹಳೆ ಮಷೀನಿನ ಹಲ್ಲು ಕಿರಿದು. ಮೇಲಿನ ಹಲ್ಲು ಕೆಳಗಿನದರ ಎದುರು ಬರದೆ ಬರೀ ಪ್ಲೇಟಿನ ಮೇಲೆ ಬಿದ್ದರೆ ಟಕಟಕ ಸದ್ದು, ಸವೆತ, ಹಿಡಿತವೂ ಅರ್ಧ. ಬಟ್ಟೆ ಇಲ್ಲದೆ ಫುಟ್ ಇಳಿಸಿ ಹಲ್ಲಿಗೆ ಹಲ್ಲು ಎದುರಾಗುತ್ತದೆಯೇ ನೋಡಿ. ಕಿರಿದಾದ ನಮೂನೆಯೂ ಸಿಗುತ್ತದೆ, ಬೆಲೆ ಜಾಸ್ತಿ.

ಎಣ್ಣೆಯ ವಿಷಯಕ್ಕೆ ಬಂದರೆ ನಮ್ಮವರನ್ನು ಬೈಯಲೇಬೇಕು. ಚಿಕ್ಕಮಗಳೂರಿನ ಚಳಿಯಲ್ಲಿ ತೆಂಗಿನೆಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟುವುದನ್ನು ಕಂಡವರೇ ಮಷೀನಿಗೂ ಅದನ್ನೇ ಬಿಡುತ್ತಾರೆ! ಅದು ಅಂಟಾಗಿ ಕೂತು ಚಕ್ರ ಹಿಡಿಯುತ್ತದೆ, ಮಷೀನು ಕೆಟ್ಟಿತೆಂದು ಅಟ್ಟ ಸೇರುತ್ತದೆ. ಸ್ವಲ್ಪ ಸೀಮೆಎಣ್ಣೆ ಬಿಟ್ಟು ತಿರುಗಿಸಿ, ಅಂಟು ಕರಗಿದ ಮೇಲೆ ಒರೆಸಿ, ಒಂದೊಂದು ತೂತಿಗೂ ಮಷೀನೆಣ್ಣೆ ಒಂದೆರಡು ಹನಿ ಬಿಟ್ಟರೆ ಬಹಳಷ್ಟು ಮಷೀನು ಎದ್ದು ಕೂರುತ್ತವೆ.

ಹೊಲಿಗೆಗೆ 14 ಇಲ್ಲವೇ 16ನೇ ನಂಬರ್ ಸೂಜಿ, ಕಾಟನ್ ದಾರ, ಇಂಚಿಗೆ 8ರಿಂದ 10 ಹೊಲಿಗೆ. ಅಡಿಬಟ್ಟೆ ನಾಲ್ಕೂ ಕಡೆ 3-4 ಇಂಚು ಹೆಚ್ಚಿರಲಿ. ಅಂಗೈ ಅಗಲಕ್ಕೊಂದು ಸೇಫ್ಟಿ ಪಿನ್ ಹಾಕಿ, ಫುಟ್ ಹತ್ತಿರ ಬಂದಂತೆ ತೆಗೆಯಿರಿ. ಫುಟ್ಟಿನ ಒತ್ತಡ ಕೊಂಚ ಇಳಿಸಿ. ರಿವರ್ಸ್ ಬೇಡ, ಶುರುವಿನಲ್ಲೂ ಕೊನೆಯಲ್ಲೂ ಐದಾರು ಚಿಕ್ಕ ಹೊಲಿಗೆ ಹಾಕಿದರೆ ದಾರ ಬಿಚ್ಚದು. ನೇರ ಸಾಲು, ಸಣ್ಣ ಬಳುಕು ಇದರ ಮಿತಿ. ಹೂವು ಬಳ್ಳಿ ಬರೆಯಲು ಆಗದು. ನಿಧಾನ ತುಳಿಯಿರಿ. ಅದಕ್ಕೇ ಕಾಲು ಮಷೀನು ಇದಕ್ಕೆ ಹೇಳಿ ಮಾಡಿಸಿದ್ದು, ಮೋಟರ್ ಕೂರಿಸಿಕೊಂಡವರೇ ಜಾಸ್ತಿ ದಾರ ಹರಿಯುವುದು.

ಮೊದಲ ಸಾಲು ನಡುಮಧ್ಯೆ ಬರಬೇಕು, ಮುಂದಿನವು ಅಂಚಿನ ಕಡೆಗೆ. ವಾಕಿಂಗ್ ಫುಟ್ ಇದ್ದರೂ ಬಟ್ಟೆ ಚೂರು ತಳ್ಳಿಸಿಕೊಳ್ಳುತ್ತದೆ, ಆ ಚೂರು ಹೊರಗೆ ಹೋಗಲು ದಾರಿ ಬೇಕಲ್ಲ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಕೌದಿ ಹಾಕುವುದು ಇದಕ್ಕೆ ತದ್ವಿರುದ್ಧ: ಅಂಚಿನಿಂದ ಶುರುಮಾಡಿ ಸುತ್ತುತ್ತ ಒಳಗೆ ಬರುತ್ತಾರೆ. ಮಷೀನಿನಲ್ಲಿ ಹಾಗೆ ಮಾಡಿದರೆ ನಡುವೆ ಗುಡ್ಡ ಏಳುವುದು ಖಂಡಿತ. ಅವರಿಗೆ ಏಳುವುದಿಲ್ಲ, ಯಾಕೆಂದರೆ ಕೈಸೂಜಿ ಏನನ್ನೂ ದಬ್ಬುವುದಿಲ್ಲ. ಎಲ್ಲ ಪದರವನ್ನೂ ಒಟ್ಟಿಗೆ ಎತ್ತಿಕೊಂಡು ಹೋಗುತ್ತದೆ, ಅಂಗೈ ಸವರಿ ಸಮ ಮಾಡುತ್ತದೆ.

ಇಷ್ಟು ಬರೆದ ಮೇಲೆ ಒಪ್ಪದೆ ವಿಧಿಯಿಲ್ಲ. ನಡುವೆ ಹತ್ತಿಯಿಲ್ಲದೆ ಹಳೆ ಸೀರೆ ನಾಲ್ಕೈದು ಮಡಿಕೆ ಹಾಕಿದ ಕೌದಿಗೆ ವಾಕಿಂಗ್ ಫುಟ್ ಬೇಕಾಗಿಲ್ಲ, ಹಾಕಿದರೆ ಅದರ ಮೆದುತನವೂ ಹೋಗುತ್ತದೆ. ಇಲ್ಲಿಯವರು ಒಂದು ಹೊದಿಕೆ ಮುಗಿಸುವ ಮೊದಲು ನಾಲ್ಕು ಫುಟ್ ಕೊಂಡಿರುತ್ತಾರೆ ಎನ್ನುವುದೂ ನಿಜ. ಮತ್ತೆ, ಅಷ್ಟು ಬೈದೆನಲ್ಲ, ಆ ಟೈಲರ್ ಅದೇ ಕರಿ ಮಷೀನಿನಲ್ಲಿ ಬರೀಗೈಯಲ್ಲಿ ಮೂರು ಪದರ ಸುಕ್ಕಿಲ್ಲದೆ ಹೊಲಿದು ತೋರಿಸಿಯಾನು.

ಗುಜರಿಯವನಿಗೆ ಮಾತ್ರ ಇಲ್ಲ ಅನ್ನಿ. ಮಷೀನಿನ ತಲೆಯನ್ನಷ್ಟೇ ಅಲ್ಲ, ಕಬ್ಬಿಣದ ಸ್ಟ್ಯಾಂಡನ್ನೂ ಕೊಡಬೇಡಿ, ಅದಕ್ಕೆ ಬೇಕಾಗಿರುವುದು ಹೊಸ ಚರ್ಮದ ಬೆಲ್ಟು ಒಂದೇ. ಈರುಳ್ಳಿ ಬುಟ್ಟಿ ಕೆಳಗಿಳಿಸಿ, ಸ್ಕ್ರೂವಿನ ತನಕ ಎಷ್ಟು ಇಂಚು ಅಂತ ಅಳೆದು ಕಳಿಸಿ.