ಸ್ಪಷ್ಟನೆ: ವಾಲ್ಟರ್ ಟಲ್ ಬಗ್ಗೆ ಹರಿದಾಡುತ್ತಿರುವ ಸಂದೇಶ

ಮೊದಲ ಮಹಾಯುದ್ಧದಲ್ಲಿ ಮಡಿದ ವಾಲ್ಟರ್ ಟಲ್ ಇಂಗ್ಲೆಂಡಿನ ಮೊದಲ ಕಪ್ಪುವರ್ಣೀಯ ವೃತ್ತಿಪರ ಫುಟ್‌ಬಾಲ್ ಆಟಗಾರ, ಬ್ರಿಟಿಷ್ ಸೇನೆಯ ಮೊದಲ ಕಪ್ಪುವರ್ಣೀಯ ಅಧಿಕಾರಿ, ಮಿಲಿಟರಿ ಕ್ರಾಸ್ ಎಂಬ ಶೌರ್ಯ ಪದಕ ಪಡೆದವರು ಎಂಬ ಸಂದೇಶ ಹರಿದಾಡುತ್ತಿದೆ. ಮೂರೂ ಸರಿಯಲ್ಲ.

ಈಗಿನ ಘಾನಾದ ಅಕ್ರಾದಲ್ಲಿ ಹುಟ್ಟಿದ ಕಪ್ಪುವರ್ಣೀಯ ಗೋಲ್‌ಕೀಪರ್ ಆರ್ಥರ್ ವಾರ್ಟನ್ 1889ರಲ್ಲೇ ಇಂಗ್ಲೆಂಡಿನ ರಾದರ್‌ಹ್ಯಾಮ್ ಟೌನ್ ಕ್ಲಬ್ ಪರ ವೃತ್ತಿಪರರಾಗಿ ಆಡುತ್ತಿದ್ದರು. ಟಲ್ ಆಗಿನ್ನೂ ಹಾಲುಗೂಸು. ಅವರು ಟಾಟನ್‌ಹ್ಯಾಮ್ ಕ್ಲಬ್ ಸೇರಿದ್ದು 1909ರಲ್ಲಿ. ಸೇನಾಧಿಕಾರಿಯಾದದ್ದು 1917ರ ಮೇ ತಿಂಗಳಲ್ಲಿ. ಜಮೈಕಾ ಮೂಲದ ಜಾರ್ಜ್ ಬೆಮಂಡ್ 1915ರಲ್ಲೇ ಅಧಿಕಾರಿಯಾಗಿದ್ದರು.

ಪದಕದ ವಿಷಯ ಮನಸ್ಸಿಗೆ ನೋವು ತರುವಂಥದ್ದು. ಇಟಲಿಯಲ್ಲಿ ಕೊರೆಯುವ ಚಳಿಯ ಪಿಯಾವೆ ನದಿ ದಾಟಿ ದಾಳಿ ನಡೆಸಿ, ತಮ್ಮ ತುಕಡಿಯ ಒಬ್ಬರೂ ಸಾಯದಂತೆ ಟಲ್ ವಾಪಸು ಕರೆತಂದರು. ಮೇಜರ್ ಜನರಲ್ ಸಿಡ್ನಿ ಲಾಫರ್ಡ್ ಅವರು ಟಲ್ ಅವರ ಧೈರ್ಯ, ಸಮಚಿತ್ತವನ್ನು ಲಿಖಿತವಾಗಿ ಮೆಚ್ಚಿದರು. ಪದಕಕ್ಕೆ ಶಿಫಾರಸು ಆಗಿದೆ ಎಂದು ಅಧಿಕಾರಿಯೊಬ್ಬರು ಟಲ್ ಅವರ ಅಣ್ಣನಿಗೆ ಪತ್ರವನ್ನೂ ಬರೆದಿದ್ದರು. ಪದಕ ಮಾತ್ರ ಬರಲಿಲ್ಲ. ಬಂತೆಂದು ಹಬ್ಬಿಸಿದರೆ ಅವರಿಗಾದ ಅನ್ಯಾಯವೇ ಮುಚ್ಚಿಹೋಗುತ್ತದೆ.

1918ರ ಮಾರ್ಚ್ 25ರಂದು ಅವರು ಫ್ರಾನ್ಸ್‌ನಲ್ಲಿ ಗುಂಡೇಟಿಗೆ ಬಲಿಯಾದದ್ದು ನಿಜ. ದೇಹ ಸಿಗಲಿಲ್ಲ, ಹೆಸರು ಅರಾಸ್ ಸ್ಮಾರಕದಲ್ಲಿದೆ. ದಯವಿಟ್ಟು ಸಂದೇಶವನ್ನು ತಿದ್ದಿ ಹಂಚಿ.